ಹಿಮ್ಮಡಿ ನೋವಿಗೆ ಶಾಕ್‌ವೇವ್ ಥೆರಪಿ: ಐದು ವಾರ, ಹತ್ತು ಸಾವಿರ ಬಡಿತ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮೊಳೆ ಹೊಡೆದಂತಾಗುವ ನೋವನ್ನು ನಾನು ಎಂಟು ತಿಂಗಳು ಅನುಭವಿಸಿದೆ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿರುವ ಗಟ್ಟಿ ಪಟ್ಟಿ, ಅಂದರೆ ಪ್ಲಾಂಟಾರ್ ಫೇಶಿಯಾ, ಮೂಳೆಗೆ ಅಂಟಿಕೊಳ್ಳುವ ಜಾಗದಲ್ಲಿ ದಪ್ಪಗಾಗಿದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯಿತು. ಮೆತ್ತನೆಯ ಚಪ್ಪಲಿ, ವಿಶ್ರಾಂತಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಯಾವುದರಿಂದಲೂ ಪೂರ್ತಿ ಗುಣವಾಗದಿದ್ದಾಗ ಶಾಕ್‌ವೇವ್ ಥೆರಪಿಯ ಸಲಹೆ ಬಂತು. ವಾರಕ್ಕೊಮ್ಮೆಯಂತೆ ಐದು ಬಾರಿ ಈ ಚಿಕಿತ್ಸೆ ಪಡೆದು, ಆಮೇಲೆ ಮೂರು ತಿಂಗಳು ಕಾದು ಈಗ ಬರೆಯುತ್ತಿದ್ದೇನೆ.

ಶಾಕ್ ಎಂಬ ಮಾತು ಕೇಳಿ ಕರೆಂಟ್ ಹೊಡೆಸುತ್ತಾರೆಂದು ಹೆದರುವವರು ಬಹಳ. ಮೈಗೆ ತಾಗುವುದು ವಿದ್ಯುತ್ತಲ್ಲ, ಒತ್ತಡದ ಅಲೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂತ್ರಪಿಂಡದ ಕಲ್ಲನ್ನು ಕೊಯ್ಯದೆ ಹೊರಗಿನಿಂದಲೇ ಒಡೆಯಲು, ವಿಮಾನ ತಯಾರಿಸುತ್ತಿದ್ದ ಡೋರ್ನಿಯರ್ ಸಂಸ್ಥೆ ರೂಪಿಸಿದ ಯಂತ್ರವನ್ನು ರೋಗಿಯ ಮೇಲೆ ಮೊದಲು ಬಳಸಲಾಯಿತು. ಅದೇ ತತ್ವ ಮುಂದೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳ ನೋವಿಗೂ ಬಂತು. 2000ದಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಹಿಮ್ಮಡಿ ನೋವಿಗೆಂದು ಇಂಥ ಒಂದು ಯಂತ್ರಕ್ಕೆ ಅನುಮತಿ ನೀಡಿತು. ಇಂದು ಕ್ಲಿನಿಕ್‌ಗಳಲ್ಲಿ ಎರಡು ಬಗೆಯ ಯಂತ್ರಗಳಿವೆ. ಫೋಕಸ್ಡ್ ಯಂತ್ರದ ಅಲೆ ಮೈಯೊಳಗೆ ಆಳದ ಒಂದು ಬಿಂದುವಿನಲ್ಲಿ ಕೂಡುತ್ತದೆ. ರೇಡಿಯಲ್ ಯಂತ್ರದಲ್ಲಿ ಒತ್ತಿದ ಗಾಳಿಯು ಹಿಡಿಕೆಯೊಳಗಿನ ಪುಟ್ಟ ಲೋಹದ ತುಂಡನ್ನು ಚಿಮ್ಮಿಸಿ ತುದಿಗೆ ಬಡಿಸುತ್ತದೆ. ಅದರ ಬಲ ಚರ್ಮದ ಬಳಿ ಹೆಚ್ಚಾಗಿದ್ದು ಒಳಗಿಳಿದಂತೆ ಕುಗ್ಗುತ್ತದೆ. ಯಾವ ಯಂತ್ರ, ಏಕೆ ಎಂದು ಕೇಳುವ ಹಕ್ಕು ರೋಗಿಗಿದೆ, ಕೇಳಲೇಬೇಕು. ನನಗೆ ಬಳಸಿದ್ದು ರೇಡಿಯಲ್.

ಫಿಸಿಯೋಥೆರಪಿಸ್ಟ್ ಮೊದಲು ಹೆಬ್ಬೆರಳಿನಿಂದ ಹಿಮ್ಮಡಿಯ ಒಳಮಗ್ಗುಲನ್ನು ಇಂಚಿಂಚಾಗಿ ಒತ್ತುತ್ತಾ ಬಂದು, ನಾನು ಕಾಲು ಸೆಳೆದುಕೊಂಡ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದರು. ಅಲ್ಲಿ ತಣ್ಣನೆಯ ಜೆಲ್ ಹಚ್ಚಿ ಹಿಡಿಕೆಯನ್ನು ಊರಿದಾಗ, ಮರಕುಟಿಗ ಒಣಮರವನ್ನು ಕುಟ್ಟಿದಂತೆ ಸದ್ದು ಶುರುವಾಯಿತು. ಸೆಕೆಂಡಿಗೆ 10ರಂತೆ 2000 ಬಡಿತ. ಲೆಕ್ಕಕ್ಕೆ ಮೂರೂವರೆ ನಿಮಿಷವೂ ಇಲ್ಲ, ಆದರೆ ಮೊದಲ ಅರ್ಧ ನಿಮಿಷ ನಾನು ಮಂಚದ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. ಅವರು ಕಡಿಮೆ ಒತ್ತಡದಿಂದ ಆರಂಭಿಸಿ, ಪ್ರತಿ ಹಂತದಲ್ಲೂ ತಡೆಯಬಹುದೇ ಎಂದು ಕೇಳಿಯೇ ಏರಿಸುತ್ತಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ, ಏಕೆಂದರೆ ನೋವಿನ ಜಾಗವನ್ನು ರೋಗಿಯೇ ಹೇಳಬೇಕು. ಜೊತೆಗೆ ಮರಗಟ್ಟಿಸಿದರೆ ಚಿಕಿತ್ಸೆಯ ಫಲ ಕುಗ್ಗುತ್ತದೆಂಬುದು ಅಧ್ಯಯನಗಳಲ್ಲೂ ಕಂಡಿದೆ. ಮುಗಿದ ಮೇಲೆ ಚರ್ಮ ಕೆಂಪಾಗಿತ್ತು, ಒಂದೆರಡು ದಿನ ಮಂದ ನೋವಿತ್ತು, ಅಷ್ಟೇ.

ಇದಕ್ಕೂ ಮೊದಲು ಬೇರೊಂದು ಕ್ಲಿನಿಕ್‌ನಲ್ಲಿ ಒಮ್ಮೆ ಇದೇ ಚಿಕಿತ್ಸೆ ಪಡೆದಿದ್ದೆ. ಅಲ್ಲಿ ಯಾರೂ ನೋವಿನ ಜಾಗವನ್ನು ಮುಟ್ಟಿ ನೋಡಲಿಲ್ಲ. ಹಿಮ್ಮಡಿಯ ನಡುವೆ ಹಿಡಿಕೆ ಇಟ್ಟು, ಎರಡು ದಿನದಲ್ಲಿ ಗುಣವಾಗುತ್ತದೆಂದು ಹೇಳಿ, ಉರಿಯೂತ ತಗ್ಗಿಸುವ ಮಾತ್ರೆ ಬರೆದು ಕಳಿಸಿದರು. ಎರಡು ದಿನದ ಮಾತು ನಂಬಿ ನಿರಾಶನಾಗಿ ಈ ಚಿಕಿತ್ಸೆಯನ್ನೇ ಕೈಬಿಡುವುದರಲ್ಲಿದ್ದೆ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಈ ಬಡಿತಗಳು ನೋವನ್ನು ಅಳಿಸಿಹಾಕುವುದಿಲ್ಲ. ವಾಸಿಯಾಗುವ ಕೆಲಸ ನಿಂತುಹೋದ ಅಂಗಾಂಶವನ್ನು ಎಚ್ಚರಿಸಿ, ಹೊಸ ರಕ್ತನಾಳಗಳು ಮೂಡಲು, ದುರಸ್ತಿ ಮತ್ತೆ ಶುರುವಾಗಲು ಪ್ರಚೋದಿಸುತ್ತವೆ ಎಂಬುದು ಅದರ ಹಿಂದಿನ ವಿವರಣೆ. ಆ ಕೆಲಸಕ್ಕೆ ವಾರಗಳು ಬೇಕು, ಆದ್ದರಿಂದಲೇ ಫಲವನ್ನು ಸುಮಾರು 12 ವಾರಗಳ ನಂತರ ಅಳೆಯುತ್ತಾರೆ. ಉರಿಯೂತ ತಗ್ಗಿಸುವ ಮಾತ್ರೆಗಳು ಇದೇ ದುರಸ್ತಿಗೆ ಅಡ್ಡಿಯಾಗಬಹುದೆಂದು, ಆಮೇಲೆ ಐದು ಬಾರಿ ಚಿಕಿತ್ಸೆ ಪಡೆದ ಕಡೆ ಅವನ್ನು ನಿಲ್ಲಿಸಲು ಹೇಳಿದರು.

ಎಲ್ಲ ನೋವಿಗೂ ಇದೇ ಮದ್ದು ಎಂದು ನಾನು ಹೇಳಲಾರೆ. ಮೊಣಕೈಯ ಹೊರಬದಿಯ ನೋವಿಗೆ ಇದರಿಂದ ಲಾಭ ಅತ್ಯಲ್ಪ ಅಥವಾ ಇಲ್ಲವೆಂದು 2005ರ ಕಾಕ್ರೇನ್ ಪರಾಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ, ಹೇಳಿತ್ತು. 2020ರ ಇನ್ನೊಂದು ಪರಾಮರ್ಶೆಗೆ ಭುಜದ ಸ್ನಾಯುರಜ್ಜುಗಳ ತೊಂದರೆಯಲ್ಲೂ ಗಮನಾರ್ಹ ಪ್ರಯೋಜನ ಹೆಚ್ಚೇನೂ ಕಾಣಲಿಲ್ಲ. ಹಿಮ್ಮಡಿಯ ವಿಷಯದಲ್ಲೂ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಆ ಜಾಗದಲ್ಲಿ ಗಡ್ಡೆ ಅಥವಾ ಸೋಂಕು ಇರುವವರು ಇದನ್ನು ಮೊದಲೇ ತಿಳಿಸಬೇಕು. ಕೇಳದೆಯೇ ಯಂತ್ರ ಚಾಲೂ ಮಾಡುವ ಕಡೆಯಿಂದ ಎದ್ದು ಬರುವುದೇ ಲೇಸು.

ನನ್ನ ಗುಣದಲ್ಲಿ ಯಂತ್ರದ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಮಡಚಿದ ಟವೆಲನ್ನು ಕಾಲ್ಬೆರಳುಗಳಡಿ ಇಟ್ಟು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ಮೊದಲ ವಾರದಿಂದಲೇ ಕಲಿಸಿದ್ದರು. ಮೂರನೆಯ ಬಾರಿಯವರೆಗೂ ಏನೂ ಬದಲಾಗಲಿಲ್ಲ, ಎಂಟನೆಯ ವಾರದಲ್ಲಿ ಬೆಳಗಿನ ನೋವು ಅರ್ಧಕ್ಕಿಳಿಯಿತು. ಈಗ ಎದ್ದ ಕೂಡಲೇ ಗೋಡೆ ಹಿಡಿಯದೆ ನಡೆಯುತ್ತೇನೆ. ಬಹಳ ಹೊತ್ತು ನಿಂತ ದಿನ ಮಾತ್ರ ಸಂಜೆಯ ಹೊತ್ತಿಗೆ ಹಿಮ್ಮಡಿ ಸ್ವಲ್ಪ ಬಿಗಿಯುತ್ತದೆ.