ಒಟ್ಲು ನಾರೋ, ಟ್ರೇ ನಾರೋ: ಒಂದೇ ಬೀಜ ಮೂರು ಕಡೆ ಹಾಕಿ ನೋಡಿದ್ದು

"ಅಕ್ಕಾ, ನಾವೇ ಒಟ್ಲು ಬಿಟ್ಕೊಂಡ್ರೆ ಆಗಲ್ವಾ? ಟ್ರೇ ನಾರಿಗೆ ಯಾಕೆ ದುಡ್ಡು ಹಾಕ್ಬೇಕು?"

ಮುಳಬಾಗಿಲು ತಾಲ್ಲೂಕಿನ ನಮ್ಮ ನರ್ಸರಿಗೆ ಬರುವ ರೈತರು ಕೇಳುವ ಮೊದಲ ಮಾತೇ ಇದು. ನಮ್ಮ ಕಡೆ ನಾರು ಅಂದರೆ ನಾಟಿಗೆ ಬೆಳೆಸುವ ಸಸಿ. ನೆಲದ ಮಡಿಯಲ್ಲೇ ಬೀಜ ಹಾಕಿ ಬೆಳೆಸಿದರೆ ಒಟ್ಲು, ಕುಳಿಗಳಿರುವ ಟ್ರೇಯಲ್ಲಿ ಬೆಳೆಸಿದರೆ ಟ್ರೇ ನಾರು. ನಾರು ಮಾರಿ ಬದುಕುವವಳು ನಾನು. ಟ್ರೇನೇ ಒಳ್ಳೇದು ಅಂತ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೆ ಹೋದ ಬೇಸಿಗೆಯಲ್ಲಿ ಒಂದೇ ತಳಿಯ ಹೈಬ್ರಿಡ್ ಟೊಮೊಟೊ ಬೀಜ, 10 ಗ್ರಾಮಿನ ಪೊಟ್ಟಣ ಮೂರು ತಂದೆ. ಒಂದು ಪೊಟ್ಟಣದಲ್ಲಿ ಹತ್ತಿರಹತ್ತಿರ 3000 ಬೀಜ. ಒಂದು ನಮ್ಮ ಅತ್ತೆ ಬಿಡುವ ಬಯಲು ಒಟ್ಲಿಗೆ, ಇನ್ನೊಂದು ಬಿದಿರು ದಬ್ಬೆ ಬಗ್ಗಿಸಿ ಬಲೆ ಹೊದಿಸಿದ ಒಟ್ಲಿಗೆ, ಮೂರನೆಯದು ಬಲೆ ಹೊದಿಸಿದ ನೆಟ್ ಹೌಸಿನೊಳಗೆ 98 ಕುಳಿಯ ಟ್ರೇಗಳಿಗೆ. ಆಮೇಲೆ ಮೂರನ್ನೂ ನಮ್ಮ ಹೊಲದಲ್ಲೇ ಪಕ್ಕಪಕ್ಕದ ಸಾಲುಗಳಲ್ಲಿ ನೆಟ್ಟು ಕೊನೆಯ ಕೊಯ್ಲಿನವರೆಗೂ ನೋಡಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತರಹ ಎಲೆಮುರುಟು ರೋಗ ತಡೆಯುವ ತಳಿಯನ್ನು ಬೇಕೆಂದೇ ತರಲಿಲ್ಲ. ಅದನ್ನು ಹಾಕಿದ್ದರೆ ನಾನು ನೋಡಬೇಕೆಂದಿದ್ದ ವ್ಯತ್ಯಾಸವೇ ಮುಚ್ಚಿಹೋಗುತ್ತಿತ್ತು.

ಬೀಜದ ಲೆಕ್ಕದಲ್ಲಿ ಟ್ರೇಗೆ ಎದುರಿಲ್ಲ. ಕುಳಿಗೊಂದು ಬೀಜ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿದರೆ ನಾಲ್ಕೈದು ದಿನಕ್ಕೆ ಮೊಳಕೆ. ನಾಟಿಗೆ ಬಂದದ್ದು 2700ರ ಮೇಲೆ. ಬಲೆಯ ಒಟ್ಲಲ್ಲಿ 2200ರಷ್ಟು, ಬಯಲು ಒಟ್ಲಲ್ಲಿ 1900 ದಾಟಲಿಲ್ಲ. ಒಟ್ಲಲ್ಲಿ ಹೋದದ್ದೆಲ್ಲ ಬುಡಕೊಳೆಗೆ. ಮಣ್ಣಲ್ಲಿರುವ ಶಿಲೀಂಧ್ರ ಒಂದು ಮೂಲೆಯಲ್ಲಿ ಶುರುವಾದರೆ ಸಾಕು, ಬೆಳಗಾಗುವುದರಲ್ಲಿ ಅಂಗೈ ಅಗಲ ನಾರು ನೆಲಕ್ಕೆ ಒರಗಿರುತ್ತದೆ. ಮಡಿಯನ್ನು ಎತ್ತರಿಸಿ, ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ, ಒತ್ತೊತ್ತಾಗಿ ಚೆಲ್ಲದೆ ಸಾಲಲ್ಲಿ ಹಾಕಿದ್ದರಿಂದ ಇಷ್ಟಾದರೂ ಉಳಿಯಿತು. ಹೈಬ್ರಿಡ್ ಬೀಜದ ಬೆಲೆ ಗೊತ್ತಿರುವವರಿಗೆ ಆ ಎಂಟುನೂರು ನಾರಿನ ನಷ್ಟ ಏನೆಂದು ನಾನು ಹೇಳಬೇಕಿಲ್ಲ.

ನಾಟಿಯಾದ ಮೇಲೂ ಟ್ರೇ ನಾರೇ ಮುಂದು. ಬೇರು ಕೊಕೊಪಿಟ್ (ಟ್ರೇಗೆ ತುಂಬುವ ತೆಂಗಿನ ಸಿಪ್ಪೆಯ ಪುಡಿ) ಸಮೇತ ಗಟ್ಟೆಯಾಗಿ, ಅಂದರೆ ಉಂಡೆಕಟ್ಟಿಕೊಂಡು ಬರುವುದರಿಂದ ಅದಕ್ಕೆ ಜಾಗ ಬದಲಾದದ್ದೇ ತಿಳಿಯುವುದಿಲ್ಲ. ಮಾರನೇ ದಿನ ನೆಟ್ಟಗೆ ನಿಂತಿತ್ತು. ಒಟ್ಲು ನಾರು ಕೀಳುವಾಗ ಎಳೆಬೇರು ಹರಿದು, ನಾಲ್ಕೈದು ದಿನ ತಲೆ ಜೋತುಹಾಕಿತು. ಸತ್ತ ಗುಣಿಗೆ ಎರಡು ಸಲ ಮತ್ತೆ ನೆಟ್ಟೆವು. ಮೊದಲ ಕೊಯ್ಲು ಒಂದು ವಾರ ಹಿಂದಾಯಿತು. ನಮ್ಮ ವಡ್ಡಹಳ್ಳಿ ಟೊಮೊಟೊ ಮಾರ್ಕೆಟ್ಟಿನಲ್ಲಿ ಒಂದು ವಾರದಲ್ಲಿ ಬಾಕ್ಸಿನ ರೇಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಂಡವರಿಗೆ ಇದು ಸಣ್ಣ ಮಾತಲ್ಲ.

ಆದರೆ ನಾನು ತುಂಬಾ ಹೊತ್ತು ನಿಂತು ನೋಡಿದ್ದು ರೋಗದ ವಿಷಯದಲ್ಲಿ. ಬೇಸಿಗೆಯಲ್ಲಿ ಬಿಳಿನೊಣ ಜಾಸ್ತಿ. ಎಲೆಮುರುಟು ವೈರಸ್ ಹೊತ್ತು ತರುವುದು ಅದೇ. ನಾರಿನಲ್ಲೇ ವೈರಸ್ ಹತ್ತಿದ ಗಿಡ ಕುಳ್ಳಗೆ ಮುದುರಿ ನಿಲ್ಲುತ್ತದೆ, ಕಾಯಿ ಹೆಸರಿಗೆ ಮಾತ್ರ. ಬಯಲು ಒಟ್ಲಿನ ಸಾಲುಗಳಲ್ಲಿ ಮೂರರಲ್ಲೊಂದು ಗಿಡ ಹಾಗಾಯಿತು. ಟ್ರೇ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಬಲೆಯ ಒಟ್ಲಿನ ಸಾಲುಗಳಲ್ಲೂ ಅಷ್ಟೇ, ಅಲ್ಲೊಂದು ಇಲ್ಲೊಂದು! ಇಷ್ಟು ವರ್ಷ "ಟ್ರೇ ನಾರಿಗೆ ರೋಗ ಕಮ್ಮಿ" ಎಂದು ನಾನೇ ಹೇಳಿಕೊಂಡು ಬಂದಿದ್ದೆ. ರೋಗ ತಡೆದದ್ದು ಟ್ರೇ ಅಲ್ಲ, ಬಲೆ. ಅದೂ ಇಂಚುದ್ದಕ್ಕೆ 40 ಕಣ್ಣಿರುವ, ಅಂದರೆ ಕನಿಷ್ಠ 40 ಮೆಶ್‌ನ ನೈಲಾನ್ ಬಲೆ. ಹಸಿರು ಶೇಡ್ ನೆಟ್ ನೆರಳು ಕೊಡುತ್ತದೆಯೇ ಹೊರತು ಅದರ ಕಣ್ಣಲ್ಲಿ ಬಿಳಿನೊಣ ಸಲೀಸಾಗಿ ನುಗ್ಗುತ್ತದೆ.

ಒಟ್ಲು ಗೆದ್ದ ಜಾಗವೂ ಉಂಟು. ಟ್ರೇ ಕುಳಿಯಲ್ಲಿ ಹಿಡಿಯುವುದು ಒಂದು ಚಿಟಿಕೆ ಕೊಕೊಪಿಟ್. ಬಿಸಿಲಿಗೆ ದಿನಕ್ಕೆ ಎರಡು ಸಲ, ಕೆಲವು ದಿನ ಮೂರು ಸಲ ನೀರು ಬೇಕು. ಒಂದು ದಿನ ನೆಂಟರ ಮದುವೆಗೆ ಚಿಂತಾಮಣಿಗೆ ಹೋಗಿದ್ದೆವು. ಕರೆಂಟ್ ಬರಲಿಲ್ಲ, ಬೋರ್ ಓಡಲಿಲ್ಲ. ಸಂಜೆ ಬಂದು ನೋಡಿದರೆ ಅಂಚಿನ ಟ್ರೇಗಳು ಸೊಪ್ಪಾಗಿ ಮಲಗಿದ್ದವು. ಅತ್ತೆಯ ಒಟ್ಲು ಬೆಳಿಗ್ಗೆಯ ಒಂದೇ ನೀರಲ್ಲಿ ಹಸಿರಾಗಿ ನಿಂತಿತ್ತು. ಇನ್ನೊಂದು, ಟ್ರೇ ನಾರು ಕಾಯುವುದಿಲ್ಲ. 21ರಿಂದ 25 ದಿನಕ್ಕೆ ನಾಟಿಯಾಗಬೇಕು. ರೇಟು ಬಿತ್ತೆಂದು ರೈತ ಹದಿನೈದು ದಿನ ತಡ ಮಾಡಿದರೆ ಕುಳಿಯೊಳಗೆ ಬೇರು ಸುತ್ತಿಕೊಂಡು ಕಡ್ಡಿಯಾಗುತ್ತದೆ. ಒಟ್ಲಲ್ಲಿ ಉದ್ದವಾದ ನಾರನ್ನು ಅತ್ತೆ ಓರೆಯಾಗಿ ಮಲಗಿಸಿ ಕಾಂಡವನ್ನು ಮಣ್ಣಿಗೆ ಸೇರಿಸುತ್ತಾರೆ. ಟೊಮೊಟೊ ಕಾಂಡ ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ, ಗಿಡ ಗಟ್ಟಿಯಾಗುತ್ತದೆ.

ಖರ್ಚು ಉಳಿಯಲೆಂದು ಟ್ರೇಗೆ ಕೆಮ್ಮಣ್ಣು, ಗೊಬ್ಬರ ತುಂಬಿಯೂ ನೋಡಿದ್ದೇನೆ. ಕೀಳುವಾಗ ಗಟ್ಟೆ ಒಡೆಯುತ್ತದೆ, ಬೇಡ. ಕೊಕೊಪಿಟ್ ಆದರೂ ತೊಳೆದದ್ದೇ ಇರಬೇಕು. ಉಪ್ಪಿನಂಶ ಉಳಿದ ಲೋಡೊಂದು ಬಂದಿದ್ದ ವರ್ಷ ನಾರು ಹಳದಿಯಾಗಿ ಅಲ್ಲಲ್ಲೇ ನಿಂತಿತ್ತು.

ಹಾಗಾಗಿ ಈಗ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಎಕರೆಗಟ್ಟಲೆ ಹೈಬ್ರಿಡ್ ಇಡುವವರು, ಮಲ್ಚಿಂಗ್ ಪೇಪರ್, ಡ್ರಿಪ್ ಎಲ್ಲ ಹಾಕಿ ದಿನ ಗೊತ್ತುಮಾಡಿ ನಾಟಿ ಮಾಡುವವರು ಟ್ರೇ ನಾರೇ ತಗೊಳ್ಳಿ. ಹತ್ತಿಪ್ಪತ್ತು ಗುಂಟೆಯವರು, ನೀರಿನದೇ ನೆಚ್ಚಿಕೆ ಇಲ್ಲದವರು, ಮನೆಯಲ್ಲಿ ಒಟ್ಲು ನೋಡಿಕೊಳ್ಳುವ ಕೈ ಇರುವವರು ಬಲೆ ಹೊದಿಸಿ ಒಟ್ಲು ಬಿಡಿ. ನನ್ನ ವ್ಯಾಪಾರ ಕಮ್ಮಿಯಾದರೂ ಪರವಾಗಿಲ್ಲ. ಬಯಲು ಒಟ್ಲು ಬೇಸಿಗೆಗೆ ಖಂಡಿತ ಬೇಡ. ಅತ್ತೆಯೂ ಈಗ ಬಲೆ ಇಲ್ಲದೆ ಬೀಜ ಮುಟ್ಟುವುದಿಲ್ಲ.

ನಾರು ಕೊಳ್ಳಲು ಬಂದಾಗ, ನಮ್ಮಲ್ಲಾಗಲಿ ಬೇರೆ ಕಡೆಯಾಗಲಿ, ಎತ್ತರ ನೋಡಿ ಮರುಳಾಗಬೇಡಿ. ಟ್ರೇಯ ನಡುವಿನಿಂದ ಒಂದನ್ನು ಕಿತ್ತು ಬೇರು ನೋಡಿ. ಬೆಳ್ಳಗಿದ್ದರೆ ಗಾಡಿಗೆ ಏರಿಸಿ. ಕಂದಾಗಿ ಸುತ್ತಿಕೊಂಡಿದ್ದರೆ ಅಲ್ಲೇ ಇಟ್ಟು ಬನ್ನಿ.