ಸಣ್ಣ ಅಂಗಡಿಯ ಮುಖಪುಟಕ್ಕೆ ಶಾಪಿಫೈ ‘ಡಾನ್’ ಥೀಮ್: ಎಲ್ಲಿ ಸಾಕು, ಎಲ್ಲಿ ಕೈಯಾಡಿಸಬೇಕು

ಹತ್ತು ಹದಿನೈದು ಸಾಮಾನು ಮಾರುವ ಆನ್‌ಲೈನ್ ಅಂಗಡಿಗೆ ದುಡ್ಡು ಕೊಟ್ಟು ಥೀಮ್, ಅಂದರೆ ಪುಟದ ಸಿದ್ಧ ವಿನ್ಯಾಸ, ಕೊಳ್ಳುವ ಅಗತ್ಯವಿಲ್ಲ. ಆನ್‌ಲೈನ್ ಅಂಗಡಿ ನಡೆಸಲು ಜಾಲತಾಣ ಒದಗಿಸುವ ಶಾಪಿಫೈ 2021ರಲ್ಲಿ ತಂದ ಡಾನ್ ಸಾಕು. ತಿಂಗಳ ಬಾಡಿಗೆ ಶಾಪಿಫೈಗೆ ಹೇಗೂ ಕಟ್ಟಬೇಕು, ಥೀಮ್ ಮಾತ್ರ ಉಚಿತ. 2025ರಲ್ಲಿ ಶಾಪಿಫೈನದೇ ಹೊಸ ಥೀಮ್ ಹೊರೈಜನ್ ಬಂದರೂ, ಹಗುರವಾದ, ಅಡ್ಡಾದಿಡ್ಡಿ ಇಲ್ಲದ ಮುಖಪುಟ ಬೇಕಾದವರಿಗೆ ಡಾನ್ ಇನ್ನೂ ಒಳ್ಳೆಯ ಆಯ್ಕೆ. ಆದರೆ ಹಾಕಿದ ಹಾಗೇ ಬಿಟ್ಟರೆ ನಮ್ಮ ಗಿರಾಕಿಗೆ ಅದು ಅರ್ಧ ಮಾತ್ರ ಒಪ್ಪುತ್ತದೆ.

ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ ಮತ್ತು ಖಡಕ್ ರೊಟ್ಟಿ ಮಾರುವ ಅಂಗಡಿ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಪುಟ ತೆರೆದವರಿಗೆ ಎರಡು ಸಲ ಸರಿಸುವುದರೊಳಗೆ ನಾಲ್ಕು ಸಂಗತಿ ಗೊತ್ತಾಗಬೇಕು: ಏನು ಸಿಗುತ್ತದೆ, ಬೆಲೆ ಎಷ್ಟು, ನಮ್ಮೂರಿಗೆ ಬರುತ್ತದೆಯೇ, ತೊಂದರೆಯಾದರೆ ಯಾರನ್ನು ಕೇಳುವುದು. ಮೊದಲ ಎರಡಕ್ಕೆ ಡಾನ್‌ನಲ್ಲಿ ಜಾಗ ಸಿದ್ಧವಿದೆ. ಉಳಿದೆರಡನ್ನು ನೀವೇ ಕೂರಿಸಬೇಕು.

ಎಡವುವುದು ಪುಟದ ಮೇಲ್ಭಾಗದ ದೊಡ್ಡ ಚಿತ್ರವಾದ ಇಮೇಜ್ ಬ್ಯಾನರ್‌ನಿಂದಲೇ ಶುರು. ಎತ್ತರವನ್ನು ‘ಲಾರ್ಜ್’ ಮಾಡಿದರೆ ಕಂಪ್ಯೂಟರಿನಲ್ಲಿ 720 ಪಿಕ್ಸೆಲ್ ಚಿತ್ರಕ್ಕೇ ಹೋಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ಡಬ್ಬಿಯೂ ಕಾಣದು. ‘ಸ್ಮಾಲ್’ ಅಥವಾ ‘ಮೀಡಿಯಂ’ ಇಡಿ. ಅಕ್ಷರವನ್ನು ಪೋಸ್ಟರಿನ ಹಾಗೆ ಚಿತ್ರದೊಳಗೇ ಬರೆಸಬೇಡಿ. ಮೊಬೈಲಿನಲ್ಲಿ ಚಿತ್ರದ ಎರಡೂ ಬದಿ ಕತ್ತರಿಸಿಹೋಗುತ್ತವೆ, ಜೊತೆಗೆ ‘ದೀಪಾವಳಿ ರಿಯಾಯಿತಿ’ಯ ‘ದೀ’ಯೂ. ಮಾತು ಚಿತ್ರದ ಕೆಳಗೆ ಬರುವಂತೆ ಮಾಡುವ ಆಯ್ಕೆ ಡಾನ್‌ನಲ್ಲೇ ಇದೆ, ಅದನ್ನು ಬಳಸಿ. ರೊಟ್ಟಿಯ ತಟ್ಟೆ ಚಿತ್ರದ ಮೂಲೆಯಲ್ಲಿದ್ದರೆ ಫೋಕಲ್ ಪಾಯಿಂಟನ್ನು (ಚಿತ್ರ ಕತ್ತರಿಸಿದರೂ ಉಳಿಯಬೇಕಾದ ಜಾಗದ ಗುರುತು) ಅದರ ಮೇಲಿಡಿ. ತಾನೇ ತಿರುಗುವ ಸ್ಲೈಡ್‌ಶೋ ಬೇಡವೇ ಬೇಡ. ಓದುತ್ತಿರುವಾಗಲೇ ಸಾಲು ಮಾಯವಾಗುತ್ತದೆ, ಎರಡನೆಯ ಚಿತ್ರದ ತನಕ ಕಾಯುವ ಪುರುಸೊತ್ತು ಯಾರಿಗೂ ಇಲ್ಲ.

ಕನ್ನಡದ ತಲೆಬರಹಕ್ಕೆ ಡಾನ್‌ನಲ್ಲಿ ವಿಶೇಷ ಎಚ್ಚರ ಬೇಕು. ಅದರ ಮೂಲ ಫಾಂಟ್ ಅಸಿಸ್ಟೆಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ, ಹಾಗಾಗಿ ಗಿರಾಕಿಯ ಫೋನಿನಲ್ಲಿ ಇರುವ ಫಾಂಟೇ ಕಾಣುತ್ತದೆ. ಸಾಲುಗಳ ನಡುವಿನ ಜಾಗವನ್ನೂ ಇಂಗ್ಲಿಷಿನ ಅಳತೆಗೆ ಇಟ್ಟಿದ್ದಾರೆ. ಎರಡು ಸಾಲಿನ ತಲೆಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಇನ್ನೊಂದು ತೊಡಕು: ಸಾಲಿನಲ್ಲಿ ಹಿಡಿಯದ ಉದ್ದ ಪದವನ್ನು ಡಾನ್ ನಡುವೆಯೇ ತುಂಡರಿಸುತ್ತದೆ. ‘ಉತ್ತರಕರ್ನಾಟಕದ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದರೆ ‘ಉತ್ತರಕರ್ನಾ’ ಒಂದು ಸಾಲಿನಲ್ಲಿ, ‘ಟಕದ’ ಇನ್ನೊಂದರಲ್ಲಿ ಬಿದ್ದೀತು. ಪರಿಹಾರ ಸುಲಭ. ಪದ ಬಿಡಿಸಿ ಬರೆಯಿರಿ, ಅಕ್ಷರದ ಗಾತ್ರ ಒಂದು ಮೆಟ್ಟಿಲು ಇಳಿಸಿ, ಥೀಮ್ ಸೆಟ್ಟಿಂಗ್ಸಿನಲ್ಲಿ ನೋಟದ ಕೋಡ್ ಬರೆಯುವ ಜಾಗವಾದ ಕಸ್ಟಮ್ ಸಿಎಸ್‌ಎಸ್‌ನಲ್ಲಿ ತಲೆಬರಹದ ಸಾಲಂತರವನ್ನು 1.5ಕ್ಕೆ ಏರಿಸಿ. ‘ಆಡ್ ಟು ಕಾರ್ಟ್’ನಂಥ ಮಾತುಗಳನ್ನೂ ಥೀಮಿನ ಪದಪಟ್ಟಿಗೆ ಹೋಗಿ ಕನ್ನಡ ಮಾಡಬಹುದು.

ಬ್ಯಾನರ್ ಕೆಳಗೆ ನೇರವಾಗಿ ಆಯ್ದ ಸಾಮಾನುಗಳ ವಿಭಾಗವಾದ ಫೀಚರ್ಡ್ ಕಲೆಕ್ಷನ್ ಬರಲಿ. ‘ನಮ್ಮ ಕಥೆ’ ಅದಾದ ಮೇಲೆ. ನಾಲ್ಕರಿಂದ ಎಂಟು ಸಾಮಾನು, ಮೊಬೈಲಿನಲ್ಲಿ ಎರಡು ಕಾಲಂ. ಚಿತ್ರದ ಅಳತೆ ‘ಅಡಾಪ್ಟ್’ ಆಗಿದ್ದರೆ ಉದ್ದ ಪೊಟ್ಟಣ, ಗಿಡ್ಡ ಡಬ್ಬಿ ಏರುಪೇರಾಗಿ ನಿಲ್ಲುತ್ತವೆ, ‘ಸ್ಕ್ವೇರ್’ ಮಾಡಿ. ಬೆಲೆಯ ಸಾಲನ್ನು ಕಣ್ಣಿಟ್ಟು ನೋಡಿ. 100 ಗ್ರಾಂ, 250 ಗ್ರಾಂ ಎರಡನ್ನೂ ಒಂದೇ ಸಾಮಾನಿನಡಿ ಸೇರಿಸಿದ್ದರೆ ಕಾರ್ಡಿನ ಮೇಲೆ ‘ಫ್ರಮ್ ರೂ. 90.00’ ಎಂದಷ್ಟೇ ಬರುತ್ತದೆ, ತೂಕದ ಸುಳಿವಿಲ್ಲ. ಹೆಚ್ಚು ಹೋಗುವ ತೂಕವನ್ನು ಬೇರೆಯೇ ಸಾಮಾನಾಗಿ ಮಾಡಿ ‘ಶೇಂಗಾ ಚಟ್ನಿಪುಡಿ, 250 ಗ್ರಾಂ’ ಎಂದು ಹೆಸರಲ್ಲೇ ಬರೆಯಿರಿ. ಅಂಗಡಿಯ ಕರೆನ್ಸಿ ಸೆಟ್ಟಿಂಗಿನಲ್ಲಿ ದಶಾಂಶ ತೆಗೆದು ₹ ಚಿಹ್ನೆ ಹಾಕಿದರೆ ಬೆಲೆ ಒಂದೇ ನೋಟಕ್ಕೆ ಸಿಗುತ್ತದೆ. ಸಾಮಾನಿನ ಪುಟಕ್ಕೆ ಹೋಗದೆಯೇ ಕಾರ್ಟಿಗೆ ಹಾಕುವ ಕ್ವಿಕ್ ಆಡ್ ಚಾಲೂ ಮಾಡಿ. ಮತ್ತೆ ಮತ್ತೆ ಕೊಳ್ಳುವವರಿಗೆ ಅದು ದೊಡ್ಡ ಅನುಕೂಲ.

ಪಿನ್‌ಕೋಡ್ ಹಾಕಿ ಊರಿಗೆ ಸಾಗಾಟವಿದೆಯೇ ಎಂದು ನೋಡುವ ಸೌಲಭ್ಯ ಡಾನ್‌ನಲ್ಲಿಲ್ಲ, ಅದಕ್ಕೆ ಆ್ಯಪ್ ಬೇಕು. ಆ್ಯಪ್ ಹೆಚ್ಚಿದಷ್ಟೂ ಪುಟ ಭಾರ. ಗೂಗಲ್ ಅಳತೆಯಂತೆ ಪುಟದ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಮೂಡಬೇಕು, ನಾಲ್ಕು ಆ್ಯಪ್ ಸೇರಿಸಿದರೆ ಡಾನ್‌ನ ಹಗುರತನವೇ ಹೋದೀತು. ಊರೂರಿಗೆ ಬೇರೆ ನಿಯಮವಿಲ್ಲದಿದ್ದರೆ ಮೇಲಿನ ಅನೌನ್ಸ್‌ಮೆಂಟ್ ಬಾರ್‌ನಲ್ಲಿ ಒಂದೇ ಸಾಲು ಸಾಕು: ‘ಕರ್ನಾಟಕಕ್ಕೆ 3–5 ದಿನ, ₹799 ಮೇಲೆ ಸಾಗಾಟ ಉಚಿತ’. ಕ್ಯಾಶ್ ಆನ್ ಡೆಲಿವರಿ ಇದ್ದರೆ ಅದನ್ನು ಪಕ್ಕಪಕ್ಕ ಅಂಕಣಗಳಿರುವ ಮಲ್ಟಿಕಾಲಮ್ ವಿಭಾಗದಲ್ಲಿ ಬರೆಯಿರಿ. ವಾಟ್ಸಾಪಿಗೂ ಆ್ಯಪ್ ಬೇಡ. ಬಟನ್ನಿಗೆ ನಿಮ್ಮ ನಂಬರಿನ ವಾಟ್ಸಾಪ್ ಲಿಂಕ್ ಕೊಟ್ಟರೆ ಆಯಿತು.

ಪುಟದ ಕೊನೆಯ ಪಟ್ಟಿಯಾದ ಫೂಟರನ್ನು ಖಾಲಿ ಬಿಡುವವರೇ ಹೆಚ್ಚು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಪರ್ಕ, ದೂರು ಅಧಿಕಾರಿಯ ವಿವರ ಕಾಣುವಂತಿರಬೇಕು. ಬಂದ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಡಾನ್‌ನ ಫೂಟರಿನಲ್ಲಿ ಇದಕ್ಕೆ ಟೆಕ್ಸ್ಟ್ ಬ್ಲಾಕ್ ಇದೆ, ರಿಟರ್ನ್ ಮತ್ತು ಸಾಗಾಟದ ನಿಯಮಗಳ ಲಿಂಕ್ ತೋರಿಸುವ ಗುಂಡಿಯೂ ಇದೆ. ತಿನಿಸಿನ ಅಂಗಡಿಯಾದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಅಲ್ಲೇ, ವಿಳಾಸದ ಪಕ್ಕದಲ್ಲೇ ಹಾಕಿ.