ವಿಒಒ, ವಿಟಿಐ, ವಿಟಿ: ನಾನು ವಿಟಿಯನ್ನೇ ಆರಿಸಿಕೊಂಡಿದ್ದೇಕೆ

ಎಸ್ ಅಂಡ್ ಪಿ 500 ಫಂಡ್ ತಗೊಳ್ಳಬೇಕಾ, ಇಡೀ ಅಮೆರಿಕದ ಮಾರುಕಟ್ಟೆಯ ಫಂಡಾ? ನನ್ನ ಜೊತೆ ಪಾಠ ಮಾಡುವ ಮೇಷ್ಟ್ರುಗಳು ಈ ಬಗ್ಗೆ ಜೋರಾಗಿ ವಾದ ಮಾಡುತ್ತಾರೆ. ನಾನು ಲೆಕ್ಕದ ಮೇಷ್ಟ್ರು. ನಿವೃತ್ತಿಗೆ ಅಂತ ಕೂಡಿಡುವ ದುಡ್ಡನ್ನು ದಶಕಗಳ ಕಾಲ ಮುಟ್ಟುವವನಲ್ಲ. ಹಾಗಾಗಿ ಅಮೆರಿಕದ ವ್ಯಾನ್‌ಗಾರ್ಡ್ ಎಂಬ ಫಂಡ್ ಕಂಪನಿಯ ವಿಒಒ, ವಿಟಿಐ, ವಿಟಿ ಎಂಬ ಮೂರು ಇಟಿಎಫ್‌ಗಳ (ಷೇರಿನ ಹಾಗೆ ಕೊಂಡು ಮಾರಬಹುದಾದ ಫಂಡ್‌ಗಳ) ದಾಖಲೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಆ ವಾದಕ್ಕೆ ಅಷ್ಟು ಹೊತ್ತು ಕೊಡಬೇಕಾಗಿಲ್ಲ ಅನಿಸಿತು. ಹೊತ್ತು ಕೊಟ್ಟು ಯೋಚಿಸಬೇಕಾದ್ದು ಬೇರೆ: ದುಡ್ಡೆಲ್ಲ ಒಂದೇ ದೇಶದಲ್ಲಿ ಇರಬೇಕಾ?

ಮೊದಲು ವಿಒಒ. ಇದು ಎಸ್ ಅಂಡ್ ಪಿ 500 ಸೂಚ್ಯಂಕವನ್ನು ಹಿಂಬಾಲಿಸುತ್ತದೆ. ಈ ಸೂಚ್ಯಂಕದಲ್ಲಿ ಸುಮಾರು 500 ದೊಡ್ಡ ಕಂಪನಿಗಳಿವೆ. ಅಮೆರಿಕದ ಷೇರುಗಳ ಒಟ್ಟು ಬೆಲೆಯಲ್ಲಿ ಸುಮಾರು ಶೇಕಡಾ 80 ಇವುಗಳದ್ದೇ. ಯಾರನ್ನು ಸೇರಿಸಬೇಕು ಅಂತ ಒಂದು ಸಮಿತಿ ತೀರ್ಮಾನಿಸುತ್ತದೆ, ಲಾಭದ ಷರತ್ತೂ ಇದೆ. ಟೆಸ್ಲಾ ಸೇರಿದ್ದು 2020ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅದರ ಷೇರಿನ ಆ ವರ್ಷದ ದೊಡ್ಡ ಏರಿಕೆ ಮುಗಿಯುತ್ತಾ ಬಂದಿತ್ತು. ವಿಟಿಐ ಇಡೀ ಅಮೆರಿಕದ ಮಾರುಕಟ್ಟೆಯ ಫಂಡ್. ಅದರಲ್ಲಿ ಸಣ್ಣವು, ಮಧ್ಯಮದವು ಎಲ್ಲ ಸೇರಿ 3,000ಕ್ಕೂ ಜಾಸ್ತಿ ಕಂಪನಿಗಳಿವೆ. ಟೆಸ್ಲಾ ಅದರಲ್ಲಿ ಎಷ್ಟೋ ಮೊದಲೇ ಇತ್ತು. ಹಾಗಂತ ಎರಡು ಫಂಡ್‌ಗಳ ಗ್ರಾಫ್ ಒಟ್ಟಿಗೆ ಹಾಕಿ ನೋಡಿ, ಗೆರೆಗಳನ್ನು ಬಿಡಿಸಿ ನೋಡುವುದೇ ಕಷ್ಟ. ಕಂಪನಿ ದೊಡ್ಡದಾದಷ್ಟೂ ಫಂಡ್‌ನಲ್ಲಿ ಅದರ ಪಾಲು ದೊಡ್ಡದು. ಸಾವಿರಾರು ಸಣ್ಣ ಕಂಪನಿಗಳು ಸೇರಿದರೂ ತೂಕ ಕಡಿಮೆ. ಎರಡರಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದನ್ನು ತಗೊಳ್ಳಿ.

ಖರ್ಚಿನ ವಿಷಯದಲ್ಲೂ ಹಾಗೇ. ಈ ಎರಡಕ್ಕೂ ಫಂಡ್ ಕಂಪನಿ ಹಿಡಿಯುವ ಶುಲ್ಕ ವರ್ಷಕ್ಕೆ ಶೇಕಡಾ 0.03. ವಿಟಿಗೆ ಸುಮಾರು ಅದರ ಎರಡು ಪಟ್ಟು. ಎರಡು ಪಟ್ಟು ಅಂದರೆ ಭಯವಾಗುತ್ತದೆ, ಅಲ್ವಾ? ಲೆಕ್ಕ ಮಾಡಿದೆ. 0.03ರ ವ್ಯತ್ಯಾಸ 30 ವರ್ಷಕ್ಕೆ ಒಟ್ಟು ಮೊತ್ತದ ಶೇಕಡಾ 1 ಕೂಡ ಆಗುವುದಿಲ್ಲ. ಅದೇ ಶೇಕಡಾ 1 ಕೀಳುವ ಫಂಡ್ ಆದರೆ 30 ವರ್ಷಕ್ಕೆ ಕಾಲು ಭಾಗವೇ ಹೋಗುತ್ತದೆ. ವ್ಯಾನ್‌ಗಾರ್ಡ್ ಕಟ್ಟಿದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯರಿಗಾಗಿ ಇಂಡೆಕ್ಸ್ ಫಂಡ್ (ಸೂಚ್ಯಂಕವನ್ನು ಹಿಂಬಾಲಿಸುವ ಫಂಡ್) ಶುರು ಮಾಡಿದ್ದರ ಹಿಂದೆ ಇದೇ ಲೆಕ್ಕವಿತ್ತು. ಅವರ ಬಗ್ಗೆ ನನಗೆ ತುಂಬಾ ಗೌರವ.

ಇನ್ನು ವಿಟಿ, ಅಂದರೆ ಇಡೀ ಜಗತ್ತಿನ ಫಂಡ್. ಇದು 2008ರಲ್ಲಿ ಬಂತು. ಅಮೆರಿಕ, ಯುರೋಪ್, ಜಪಾನ್, ಚೀನಾ, ಭಾರತ, ಬ್ರೆಜಿಲ್ ಎಲ್ಲ ಸೇರಿ 9,000ಕ್ಕೂ ಹೆಚ್ಚು ಕಂಪನಿಗಳು ಇದರಲ್ಲಿವೆ. 2010ರ ನಂತರದ ವರ್ಷಗಳನ್ನು ಮಾತ್ರ ನೋಡಿದರೆ ವಿಟಿ ಸೋತಿದೆ. ಅಮೆರಿಕ ತುಂಬಾ ಮುಂದೆ ಹೋಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೊಂದು ದಶಕ ಹಿಂದಕ್ಕೆ ಹೋಗಿ. 2000ದಿಂದ 2009ರವರೆಗೆ ಎಸ್ ಅಂಡ್ ಪಿ 500ರಲ್ಲಿ ಇಟ್ಟವರಿಗೆ ಡಿವಿಡೆಂಡ್ ಸೇರಿಸಿದರೂ ನಷ್ಟ. ಅದೇ ಹತ್ತು ವರ್ಷದಲ್ಲಿ ಬೆಳೆಯುತ್ತಿರುವ ದೇಶಗಳ ಷೇರುಗಳು ಚೆನ್ನಾಗಿ ಏರಿದ್ದವು. ಜಪಾನಿನ ಕತೆ ಇನ್ನೂ ಗಂಭೀರ. 1980ರ ದಶಕದ ಕೊನೆಗೆ ಜಗತ್ತಿನ ಅತಿ ದೊಡ್ಡ ಷೇರು ಮಾರುಕಟ್ಟೆ ಅದರದ್ದೇ. 1989ರ ಡಿಸೆಂಬರ್‌ನಲ್ಲಿ ನಿಕ್ಕಿ ಸೂಚ್ಯಂಕ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಒಬ್ಬರ ದುಡಿಮೆಯ ಆಯುಸ್ಸೇ ಅಷ್ಟು. ಅಮೆರಿಕಕ್ಕೂ ಹಾಗಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮುಂದಿನ ಸರದಿ ಯಾರದ್ದು ಅಂತ ಊಹಿಸುವ ಕೆಲಸ ನನಗೆ ಬೇಡ. ಒಂದು ದೇಶ ಕುಗ್ಗಿ ಇನ್ನೊಂದು ಬೆಳೆದರೆ ವಿಟಿಯೊಳಗಿನ ಪಾಲು ತಾನಾಗಿಯೇ ಬದಲಾಗುತ್ತದೆ. ನನಗೆ ಬೇಕಿದ್ದದ್ದು ಅದೇ.

ಕೊರತೆಗಳೂ ಇವೆ. ಇಡೀ ಜಗತ್ತಿನ ಫಂಡ್ ಅಂದರೂ ಸುಮಾರು ಶೇಕಡಾ 60ರಷ್ಟು ಅಮೆರಿಕವೇ. ಆ ಪಾಲನ್ನು ನಾವು ಬದಲಿಸುವ ಹಾಗಿಲ್ಲ. ಬದಲಿಸಬೇಕು ಅನ್ನುವವರು ವಿಟಿಐ ಜೊತೆಗೆ ಉಳಿದ ದೇಶಗಳ ವಿಎಕ್ಸ್‌ಯುಎಸ್ ತಗೊಳ್ಳಬಹುದು. ಖರ್ಚೂ ಚೂರು ಕಡಿಮೆ. ಆದರೆ ಯಾವುದಕ್ಕೆ ಎಷ್ಟು ಅಂತ ನಾವೇ ನೋಡಿಕೊಳ್ಳಬೇಕು. ಪಾಲು ಸರಿದೂಗಿಸಲು ಬಿದ್ದ ಫಂಡ್‌ಗೆ ಇನ್ನಷ್ಟು ದುಡ್ಡು ಹಾಕಲು ಎಷ್ಟು ಜನಕ್ಕೆ ಮನಸ್ಸು ಬರುತ್ತದೆ?

ವಿಟಿ ಸಿಗದ ಕಡೆ ಇರುವವರು ಎಫ್‌ಟಿಎಸ್‌ಇ ಆಲ್ ವರ್ಲ್ಡ್ ಅಥವಾ ಎಂಎಸ್‌ಸಿಐ ಎಸಿಡಬ್ಲ್ಯುಐ ಸೂಚ್ಯಂಕದ ಫಂಡ್ ಹುಡುಕಿ. ಎಫ್‌ಟಿಎಸ್‌ಇ, ಎಂಎಸ್‌ಸಿಐ ಎರಡೂ ಸೂಚ್ಯಂಕ ತಯಾರಿಸುವ ಕಂಪನಿಗಳು, ಈ ಎರಡು ಸೂಚ್ಯಂಕಗಳಲ್ಲೂ ಮುಂದುವರಿದ, ಬೆಳೆಯುತ್ತಿರುವ ದೇಶಗಳೆರಡೂ ಇವೆ. ಎಂಎಸ್‌ಸಿಐ ವರ್ಲ್ಡ್‌ನಲ್ಲಿ ಇರುವುದು 23 ಮುಂದುವರಿದ ದೇಶಗಳು ಮಾತ್ರ. ಚೀನಾ, ಭಾರತ, ತೈವಾನ್ ಅದರಲ್ಲಿಲ್ಲ. ಅದರ ಜೊತೆಗೆ ಬೆಳೆಯುತ್ತಿರುವ ದೇಶಗಳ ಫಂಡ್ ಬೇರೆ ತಗೊಳ್ಳುವುದಾದರೆ ಅದೂ ಎಂಎಸ್‌ಸಿಐಯದ್ದೇ ಇರಲಿ. ದಕ್ಷಿಣ ಕೊರಿಯಾವನ್ನು ಎಫ್‌ಟಿಎಸ್‌ಇ ಮುಂದುವರಿದ ದೇಶಗಳ ಸಾಲಿಗೆ ಹಾಕುತ್ತದೆ, ಎಂಎಸ್‌ಸಿಐ ಬೆಳೆಯುತ್ತಿರುವವರ ಸಾಲಿಗೆ. ಎಂಎಸ್‌ಸಿಐ ವರ್ಲ್ಡ್ ಜೊತೆ ಎಫ್‌ಟಿಎಸ್‌ಇಯ ಬೆಳೆಯುತ್ತಿರುವ ದೇಶಗಳ ಫಂಡ್ ತಗೊಂಡರೆ ಇಡೀ ಕೊರಿಯಾ, ಅದರ ಜೊತೆಗೆ ಸ್ಯಾಮ್‌ಸಂಗ್ ಕೂಡ, ಎರಡರಲ್ಲೂ ಇರುವುದಿಲ್ಲ.